ಆರು ದಂಡನಾಯಕರ ಜೊತೆ ತಳೇಗಾಂವಕ್ಕೆ

ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಪುಣೆಯ ಬಿಬವೇವಾಡಿಯ ಮನೆಗೆ ಬೀಗ ಹಾಕಿ ಹೊರಟೆ. ಎರಡು ಸಲ ಮೆಟ್ಟಿಲಿಳಿದು ಎರಡು ಸಲ ಹಿಂತಿರುಗಿದೆ. ಒಮ್ಮೆ ಗ್ಯಾಸ್ ನೋಡಲು, ಇನ್ನೊಮ್ಮೆ ಏಕೆಂದು ನನಗೇ ತಿಳಿಯಲಿಲ್ಲ. ಚೀಲದಲ್ಲಿ ನೀರಿನ ಬಾಟಲಿ, ಎರಡು ಚಪಾತಿ ಮತ್ತು ಮೂವತ್ತೊಂದು ಉತ್ತರ ಪತ್ರಿಕೆಗಳಿದ್ದವು.

ನನ್ನ ಗಂಡ ಇಲ್ಲಿಯ ಕನ್ನಡ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದರು. ಕಳೆದ ಜುಲೈನಲ್ಲಿ ತಳೇಗಾಂವದ ಆಚೆ ಇಂದ್ರಾಯಣಿಯ ಬಂಡೆಯ ಮೇಲೆ ಕಾಲು ಜಾರಿ ನೀರಿಗೆ ಬಿದ್ದರು. ಸಿಗಲಿಲ್ಲ. ಮೂರು ದಿನ ಹುಡುಕಿದರು. ನಾಲ್ಕನೆಯ ಬೆಳಿಗ್ಗೆ ನನ್ನ ಮೈದುನ ಗಿರೀಶ ಹುಡುಕಾಟ ನಿಲ್ಲಿಸಲು ಸಹಿ ಹಾಕಿದ. ಅಂದಿನಿಂದ ನಾನು ಅವನೊಡನೆ ಮಾತಾಡಿಲ್ಲ. ಇನ್ನೊಂದು ದಿನ ಹುಡುಕಿದ್ದರೆ ಸಿಗುತ್ತಿದ್ದರೇ? ಇದನ್ನು ಆ ಹುಡುಕಾಟದ ದೋಣಿ ನಡೆಸಿದವನನ್ನೇ ಕೇಳಬೇಕಿತ್ತು. ಅವನ ಹೆಸರು ಯಮನಪ್ಪ ಎಂದಷ್ಟೇ ಗೊತ್ತಿತ್ತು.

ಶಿವಾಜಿನಗರದಿಂದ ಲೋಕಲ್ ರೈಲು, ಹತ್ತು ರೂಪಾಯಿ ಟಿಕೆಟ್. ಜಾಗ ಸಿಕ್ಕಿತು, ಆದರೆ ಕೂರಲಾಗಲಿಲ್ಲ. ಖಡಕಿಯವರೆಗೆ ಬಾಗಿಲ ಬಳಿ ನಿಂತೆ, ಮತ್ತೆ ಬಂದು ಕೂತೆ, ಪತ್ರಿಕೆಗಳನ್ನು ತೆಗೆದೆ. ನನ್ನ ಗಂಡ ತಿದ್ದಬೇಕಿದ್ದ ಅವು ಹಾಗೇ ಉಳಿದಿದ್ದವು. ಶಾಲೆಗೆ ಮುಟ್ಟಿಸಬೇಕು ಎನ್ನುತ್ತಲೇ ಹತ್ತು ತಿಂಗಳು ಕಳೆದಿತ್ತು. ಇದ್ದದ್ದು ಒಂದೇ ಪ್ರಶ್ನೆ: ‘ಆರ್ಗಿನೂಸೇ ಕದನದ ದಂಡನಾಯಕರು ತಪ್ಪಿತಸ್ಥರೇ? ಕಾರಣ ಕೊಡಿ.’

ನಾನು ಹತ್ತನೆಯ ತರಗತಿ ಓದಿದವಳು. ಈ ಕಥೆ ಮಕ್ಕಳ ಅಕ್ಷರಗಳಲ್ಲೇ ನನಗೆ ಮೊದಲು ಸಿಕ್ಕಿತು. ಅಥೆನ್ಸಿನ ಹಡಗುಗಳು ಸ್ಪಾರ್ಟಾದ ಹಡಗುಗಳನ್ನು ಸಮುದ್ರದಲ್ಲಿ ಸೋಲಿಸಿದವು. ಗೆದ್ದ ಮೇಲೆ ಬಿರುಗಾಳಿ ಎದ್ದಿತು. ಒಡೆದ ಹಡಗುಗಳಲ್ಲಿದ್ದ ತಮ್ಮವರನ್ನು, ಬದುಕಿದ್ದವರನ್ನೂ ಸತ್ತವರನ್ನೂ, ಎತ್ತಿ ತರಲಾಗಲಿಲ್ಲ. ಊರಿಗೆ ಮರಳಿದ ಆರು ದಂಡನಾಯಕರನ್ನು ಜನ ಸಭೆ ಸೇರಿ ಕೊಲ್ಲಿಸಿದರು. ಅವರಲ್ಲೊಬ್ಬ ಹೆಸರಾಂತ ನಾಯಕ ಪೆರಿಕ್ಲಿಸನ ಮಗ. ಒಬ್ಬೊಬ್ಬರನ್ನೇ ವಿಚಾರಿಸಲಿಲ್ಲ, ಆರೂ ಜನಕ್ಕೆ ಸೇರಿಸಿ ಒಂದೇ ತೀರ್ಪು. ಅದು ಕಾನೂನಲ್ಲ ಎಂದು ಕೊನೆಯವರೆಗೆ ನಿಂತವನು ಸಾಕ್ರೆಟಿಸ್ ಒಬ್ಬನೇ. ಆಮೇಲೆ ಊರು ಪಶ್ಚಾತ್ತಾಪಪಟ್ಟಿತು.

ಒಬ್ಬ ಹುಡುಗಿ ಬರೆದಿದ್ದಳು: ‘ಬಿರುಗಾಳಿ ಇತ್ತು ಎನ್ನುವುದು ಹೋಂವರ್ಕ್ ಮಾಡದವರು ಹೇಳುವ ಕಾರಣದಂತಿದೆ. ತಪ್ಪಿತಸ್ಥರು.’ ನನಗೆ ಅವಳೇ ಸರಿ ಅನಿಸಿತು.

ಪಕ್ಕದಲ್ಲಿ ಕೊತ್ತಂಬರಿ ಕಟ್ಟುಗಳೊಡನೆ ಕೂತಿದ್ದ ಹೆಂಗಸು ಇಣುಕಿದಳು. “ಟೀಚರ್ ಆಹಾತ್ ಕಾ?” ಎಂದು ಮರಾಠಿಯಲ್ಲಿ ಕೇಳಿದಳು. ಅಲ್ಲ ಎಂದೆ. “ಮಗ ಸಗಳ್ಯಾಂನಾ ಪಾಸ್ ಕರಾ!” ಹಾಗಾದರೆ ಎಲ್ಲರನ್ನೂ ಪಾಸ್ ಮಾಡಿಬಿಡಿ ಎಂದು ನಕ್ಕಳು.

ತಳೇಗಾಂವದಲ್ಲಿ ಬಿಸಿಲು ಕಣ್ಣು ಬಿಡಗೊಡುತ್ತಿರಲಿಲ್ಲ. ಶೇರ್ ರಿಕ್ಷಾದವನು ಮೂವತ್ತು ರೂಪಾಯಿ ತೆಗೆದುಕೊಂಡು ನದಿಯ ಬಳಿ ಇಳಿಸಿದ. ನಾನು ಅದನ್ನು ನೋಡಿದ್ದು ಅದೇ ಮೊದಲು. ಆಗ ನನ್ನನ್ನು ಯಾರೂ ಬರಗೊಟ್ಟಿರಲಿಲ್ಲ. ಬಂಡೆಗಳ ನಡುವೆ ಮೊಣಕಾಲುದ್ದ ನೀರು. ಎಮ್ಮೆಗಳು ಮಲಗಿದ್ದವು. ಇಷ್ಟು ನೀರಿನಲ್ಲಿ ಹುಡುಕಲಾಗಲಿಲ್ಲವೇ ಎಂದು ಸಿಟ್ಟು ಬಂತು.

ಎಮ್ಮೆ ಕಾಯುವವನನ್ನು ಕೇಳಿದಾಗ ಯಮನಪ್ಪನನ್ನು ತೋರಿಸಿದ. ಜಾಲಿ ಮರದಡಿ ಬಲೆ ಹೆಣೆಯುತ್ತಿದ್ದ. ಆಲಮಟ್ಟಿ ಕಡೆಯವನು, ಅರವತ್ತು ದಾಟಿದವನು. ನಾನು ಯಾರೆಂದು ಹೇಳಿದೆ.

“ಮಾಸ್ತರ ಮನ್ಯಾವ್ರೇನ್ರಿ? ನೆಳ್ಳಿಗೆ ಬರ್ರಿ. ಬಿಸಲಾಗ ಯಾಕ ನಿಂತೀರಿ?”

ಕೂರದೆ ನಿಂತೇ ಕೇಳಿದೆ. “ನಾಲ್ಕನೇ ದಿನ ಹುಡುಕಿದ್ದರ ಸಿಗ್ತಿದ್ರೇನು?”

ಅವನು ಬಲೆ ಕೆಳಗಿಟ್ಟ. “ಸಿಗಬಹುದಿತ್ರಿ. ಸುಳ್ಳ ಹೇಳೂದಿಲ್ಲ.”

ಅವನು ಮೇಲೆ ಕೈ ತೋರಿಸಿದ. ಹೋದ ಮಳೆಗಾಲದ ನೀರಿನ ಗುರುತಾಗಿ ಜಾಲಿ ಮರದ ಕೊಂಬೆಯಲ್ಲಿ ಹಳೆಯ ಸೀರೆಯ ಚೂರೊಂದು ಸಿಕ್ಕಿಕೊಂಡಿತ್ತು. ನನ್ನ ತಲೆಗಿಂತ ಬಹಳ ಎತ್ತರದಲ್ಲಿತ್ತು.

“ಅಲ್ಲೀತನಕ ನೀರಿತ್ರಿ. ಮೂರು ದಿನಾನೂ ನಿಮ್ಮ ಮೈದುನ ದೋಣಿ ಬಿಟ್ಟು ಇಳೀಲಿಲ್ಲ. ಈಜ ಬರೂದಿಲ್ಲ, ಹಟ ಮಾತ್ರ ಭಾಳ! ನಾಲ್ಕನೇ ಮುಂಜಾನೆ ನನ್ನ ಅಳಿಯ ನೀರಿಗೆ ಇಳ್ಯಾಕ ಸೊಂಟಕ್ಕ ಹಗ್ಗಾ ಕಟ್ಕೊಳ್ಳಾಕ ಹತ್ತಿದ್ದ. ನಿಮ್ಮ ಮೈದುನ ನೋಡಿದ್ರು. ‘ಮಕ್ಕಳೆಷ್ಟು?’ ಅಂದ್ರು. ‘ಎರಡರಿ’ ಅಂದ. ಹಗ್ಗಾ ತಾವೇ ಬಿಚ್ಚಿದ್ರು. ಹೋಗಿ ಸಹಿ ಮಾಡಿದ್ರು.” ಬಲೆ ಮತ್ತೆ ಎತ್ತಿಕೊಂಡು ಕೇಳಿದ, “ಅವರು ಹೇಳಿಲ್ಲೇನ್ರಿ?”

“ನಾ ಕೇಳಿಲ್ಲ,” ಎಂದೆ.

ಎರಡು ಚಪಾತಿಯಲ್ಲಿ ಒಂದನ್ನು ಅವನು ತಿಂದ, ಒಂದನ್ನು ನಾನು. ಬಂಡೆಯವರೆಗೆ ಹೋಗಿ ನೀರು ಮುಟ್ಟಿ ಬಂದೆ. ಬೆಚ್ಚಗಿತ್ತು.

ಹಿಂದಿರುಗುವ ಲೋಕಲ್ ಹೊರಟ ಮೇಲೆ ಗಿರೀಶನಿಗೆ ಫೋನ್ ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದ.

“ವೈನಿ? ಏನಾತು?”

“ನಾಳೆ ಊಟಕ್ಕ ಬಾ. ನಿಮ್ಮಣ್ಣನ ಪೇಪರ್ ತಿದ್ದೋವು ಅದಾವ. ಮೂವತ್ತೊಂದು. ನನಗ ಒಬ್ಬಾಕಿಗೇ ಆಗೂದಿಲ್ಲ.”

“ಏನ್ ಪ್ರಶ್ನೆ ಅದ?”

ಪತ್ರಿಕೆ ತೆಗೆದು ಓದಿ ಹೇಳಿದೆ. ಬಿರುಗಾಳಿಯ ಕಥೆಯನ್ನೂ ಹೇಳಿದೆ. ಘೋರಾವಾಡಿ ಸ್ಟೇಷನ್ ಬಂತು, ಹೋಯಿತು. ಕಿಟಕಿಯಿಂದ ಹಿಂದಕ್ಕೆ ನೋಡಿದೆ. ನದಿ ಎಲ್ಲಿತ್ತೆಂದು ಗುರುತು ಸಿಗಲಿಲ್ಲ.

“ಎಷ್ಟಕ್ಕ ಬರ್ಲಿ ವೈನಿ?” ಎಂದು ಕೊನೆಗೆ ಕೇಳಿದ.

“ಲಗೂನ ಬಾ,” ಎಂದೆ. “ಕೆಂಪು ಪೆನ್ನು ಎರಡು ತಗೊಂಡು ಬಾ.”