ಎರಡು ಮನೆಯ ಮಾತ್ರೆ

ಮಗಳು ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಳೆ. ಸೆಮಿನಾರಿಗೆ ಮೊದಲು ಚಿಂತಾಮಣಿಯ ನಮ್ಮ ಮನೆಗೆ ಬಂದವಳು, ಒಂದು ಬೆಳಿಗ್ಗೆ ನಾನು ಅವರೆಕಾಯಿ ಸುಲಿಯುತ್ತಿದ್ದಾಗ ಎದುರು ಕೂತು ಪಾಠ ಒಪ್ಪಿಸತೊಡಗಿದಳು.

"ಒಂದು ಜೋಡಿ ಕಣ ಇದೆ ಅಂದ್ಕೋ ಅಮ್ಮ. ಒಂದು ನಿನ್ನ ಹತ್ರ, ಇನ್ನೊಂದು ಶಿಡ್ಲಘಟ್ಟದಲ್ಲಿ ಚಿಕ್ಕಮ್ಮನ ಹತ್ರ. ಮೊದಲೇ ಗೊತ್ತಿರೋ ಕೆಲವು ಸ್ಥಿತಿಗಳಲ್ಲಿ ಜೋಡಿ ಯಾವುದರಲ್ಲಿದೆ ಅಂತ ಕಂಡುಹಿಡೀಬೇಕು. ನಿಮ್ಮ ನಿಮ್ಮದನ್ನ ಅಳೆದು ಫೋನಲ್ಲಿ ಹೇಳ್ಕೋಬಹುದು. ಕೆಲವು ಸಲ ಎಷ್ಟು ಹೇಳ್ಕೊಂಡ್ರೂ ಖಚಿತವಾಗಿ ಗೊತ್ತಾಗಲ್ಲ. ಎರಡನ್ನೂ ಒಟ್ಟಿಗಿಟ್ಟು ಅಳೆದ್ರೆ ಮಾತ್ರ ಗೊತ್ತಾಗುತ್ತೆ."

"ದಿನಾ ಅರ್ಧ ಗಂಟೆ ಮಾತಾಡ್ತೀವಿ ಕಣೇ, ನಮಗೇ ಗೊತ್ತಾಗಲ್ವಾ?" ಎಂದು ನಕ್ಕೆ.

ಆಗಲೇ ಹಿತ್ತಲಲ್ಲಿ ಚೊಂಬು ಉರುಳಿದ ಸದ್ದು. ಒಗೆಯುವ ಕಲ್ಲಿನ ಪಕ್ಕ ಅತ್ತೆ ಕುಸಿದಿದ್ದರು. ಕೈ ತಣ್ಣಗಿತ್ತು.

ಅತ್ತೆ ಒಂದು ತಿಂಗಳು ನಮ್ಮಲ್ಲಿ, ಒಂದು ತಿಂಗಳು ಶಿಡ್ಲಘಟ್ಟದ ಮೈದುನನ ಮನೆಯಲ್ಲಿ ಇರುತ್ತಾರೆ. ನಮ್ಮ ಸರದಿ ಶುರುವಾಗಿ ನಾಲ್ಕೇ ದಿನವಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು, "ನಾಡಿ ತುಂಬ ನಿಧಾನ ಇದೆ. ಏನು ಮಾತ್ರೆ ಕೊಡ್ತೀರ?" ಎಂದರು.

"ಬಿಪಿದು. ಬೆಳಿಗ್ಗೆ ಒಂದೇ ಒಂದು."

ಓರಗಿತ್ತಿಗೆ ಫೋನ್ ಮಾಡಿದೆ. "ನಾನೂ ಒಂದೇ ಕೊಡ್ತಿದ್ದೆ ಅಕ್ಕ, ದೇವರಾಣೆ," ಎಂದು ಅತ್ತಳು. ಮಂಚದ ಪಕ್ಕ ನಾಡಿ ಎಣಿಸುವ ಯಂತ್ರ ಒಮ್ಮೆ ಕೂಗಿ ಸುಮ್ಮನಾಗುತ್ತಿತ್ತು. ಮತ್ತೆ ಕೂಗುವವರೆಗೆ ನಾನು ಉಸಿರು ಬಿಡುತ್ತಿರಲಿಲ್ಲ. ಅತ್ತೆಯ ಉಗುರಿನ ತುದಿಯಲ್ಲಿ ಸುಣ್ಣ ಇನ್ನೂ ಹಾಗೇ ಇತ್ತು.

ಓರಗಿತ್ತಿ ಬಸ್ಸಿಳಿದು ಓಡಿ ಬಂದಳು. ನರ್ಸ್ ಕೊಟ್ಟ ಅತ್ತೆಯ ಎಲೆಅಡಿಕೆ ಚೀಲವನ್ನು ಬಿಚ್ಚಿದರೆ ವೀಳ್ಯದೆಲೆಯ ನಡುವೆ ಒಂದು ಮಾತ್ರೆ ಪಟ್ಟಿ.

"ಅಯ್ಯೋ, ಇದು ನಮ್ಮನೇದು!" ಎಂದಳು ಓರಗಿತ್ತಿ.

ನಮ್ಮ ಮನೆಯದು ನನ್ನ ಪರ್ಸಿನಲ್ಲಿತ್ತು. ಬಣ್ಣ ಬೇರೆ, ಕಂಪನಿ ಬೇರೆ. ಮಗಳು ಎರಡನ್ನೂ ಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟಳು. ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿದ್ದ ಔಷಧಿಯ ಹೆಸರು ಮಾತ್ರ ಒಂದೇ. ಅವಳು ಡಾಕ್ಟರ ಹತ್ತಿರ ಓಡಿದಳು.

ಸಂಜೆ ಅತ್ತೆ ಕಣ್ಣು ತೆರೆದರು. "ಅಲ್ಲಿಂದ ಬರೋವಾಗ ಉಳಿದಿದ್ದ ಪಟ್ಟೀನೂ ತಂದಿದ್ದೆ. ಚಿಕ್ಕವಳು ಕೊಟ್ಟಿದ್ದು ಬಿಟ್ರೆ ಬೇಜಾರ್ ಮಾಡ್ಕೊತಾಳೆ ಅಂತ ಅದೂ ನುಂಗ್ತಿದ್ದೆ ಕಣಮ್ಮ."

"ನಾನ್ಯಾಕೆ ಬೇಜಾರ್ ಮಾಡ್ಕೊಳ್ಳಲಿ ಅತ್ತೆ!" ಓರಗಿತ್ತಿ ಅಳುತ್ತಲೇ ಗದರಿದಳು.

ಹೊರಗೆ ಬಂದು ಮಗಳಿಗೆ, "ನಿನ್ನ ಪಾಠದ ಹಾಗೇ ಆಯ್ತಲ್ಲೇ," ಎಂದೆ. ಹೌದು ಎಂದಿದ್ದರೆ ಸಮಾಧಾನವಾಗುತ್ತಿತ್ತೇನೋ.

"ಇಲ್ಲಮ್ಮ. ಅಲ್ಲಿ ಫೋನಿಂದ ಸಾಧ್ಯಾನೇ ಇಲ್ಲ. ಇಲ್ಲಿ ನೀವಿಬ್ರೂ ಆ ಹೆಸರು ಓದಿ ಹೇಳ್ಕೊಂಡಿದ್ರೆ ಸಾಕಿತ್ತು."

ಕಾನ್ವೆಂಟಿನಲ್ಲಿ ಓದಿದವಳು ನಾನು. ಆ ಅಕ್ಷರಗಳನ್ನು ಒಂದು ದಿನವೂ ಓದಿರಲಿಲ್ಲ.

ಈಗ ಸರದಿ ಬದಲಾದಾಗಲೆಲ್ಲ ಓರಗಿತ್ತಿಗೆ ಫೋನಿನಲ್ಲಿ ಆ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತೇನೆ. ಬೆಳಿಗ್ಗೆ ಮಾತ್ರೆ ಕೊಡುವ ಮೊದಲು ಅತ್ತೆಯ ಮಣಿಕಟ್ಟು ಹಿಡಿಯುತ್ತೇನೆ.

"ಏನಮ್ಮ, ಬಳೆ ತೊಡಿಸ್ತೀಯಾ?" ಎಂದು ಅವರು ನಗುತ್ತಾರೆ. ಮುಂದಿನ ಬಡಿತ ಬೆರಳಿಗೆ ತಾಕುವವರೆಗೆ ನನಗೆ ನಗು ಬರುವುದಿಲ್ಲ.