ಮಂಚದ ಕುಂಕುಮ ಒರೆಸುವವರು ಯಾರು?

ಟಿಂಚರ್ ಅಯೋಡಿನ್ ಹನಿ ಅಕ್ಕನ ಮಂಚದ ತಲೆಗಂಬಿಯ ಮೇಲೆ ಬಿದ್ದದ್ದೇ ತಡ, ಕಪ್ಪಾಯಿತು.

ಆಯಾ ಮುನಿಯಮ್ಮ ಈಗಷ್ಟೇ ಆ ಮಂಚ ಒರೆಸಿ ಹೋಗಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ...

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನಾನು ನರ್ಸ್. ಹೊಸ ಕೆಲಸ, ಗರಿಗರಿ ಬಿಳಿ ಸೀರೆ, ಕಾಲು ನೆಲದ ಮೇಲೆ ನಿಲ್ಲದ ವಯಸ್ಸು.

ನಮ್ಮ ವಾರ್ಡಿನ ಬಾಗಿಲಿಗೆ ಬರುವ ಮೊದಲೇ ಫಿನಾಯಿಲ್ ವಾಸನೆ ಮೂಗಿಗೆ ಬಡಿಯುತ್ತಿತ್ತು. ನೆಲ ಫಳಫಳ ಅನ್ನುತ್ತಿತ್ತು. ಆದರೂ ಆಪರೇಷನ್ ಆದ ಬಾಣಂತಿಯರ ಹೊಲಿಗೆ ಒಬ್ಬರಾದ ಮೇಲೊಬ್ಬರಿಗೆ ಕೀವಾಗುತ್ತಿತ್ತು. ಒಬ್ಬಾಕೆಗಂತೂ ಜ್ವರ ಏರಿ ದೊಡ್ಡಾಸ್ಪತ್ರೆಗೆ ಸಾಗಿಸಬೇಕಾಯಿತು.

ಆಕೆ ಬಿಟ್ಟುಹೋದ ಮಂಚಕ್ಕೇ ನಮ್ಮಕ್ಕ ಶಾಂತ ಬಂದಳು. ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿತ್ತು. ಮಾರನೆಯ ದಿನವೇ ಆಪರೇಷನ್.

ಅವತ್ತು ಸಂಜೆ, ಹೊಸದಾಗಿ ಬಂದಿದ್ದ ಲೇಡಿ ಡಾಕ್ಟರು ನನ್ನನ್ನು ಕರೆದು, "ಸಿಸ್ಟರ್, ಅಡುಗೆಮನೆಯಿಂದ ಒಂದು ಲೋಟ ತಿಳಿ ಗಂಜಿ ತನ್ನಿ, ಯಾರಿಗೂ ಹೇಳ್ಬೇಡಿ" ಅಂದರು. ಪಾಪ, ಹೊಟ್ಟೆ ಸರಿಯಿಲ್ಲವೇನೋ ಅಂದುಕೊಂಡು ನಾನು ಉಪ್ಪು ಬೇರೆ ಹಾಕಿ ತಂದುಕೊಟ್ಟೆ.

ಅವರು ಕುಡಿಯಲಿಲ್ಲ. ಹತ್ತಿ ಅದ್ದಿಕೊಂಡು ಪ್ರತಿ ಮಂಚದ ತಲೆಗಂಬಿ, ಪಕ್ಕದ ಮೇಜು, ನಲ್ಲಿ, ಬಾಗಿಲ ಹಿಡಿ ಎಲ್ಲದಕ್ಕೂ ತೆಳ್ಳಗೆ ಸವರಿದರು.

ಗಂಜಿ ಒಣಗಿದರೆ ಕಣ್ಣಿಗೆ ಕಾಣುವುದಿಲ್ಲ. ಬೆಳಿಗ್ಗೆ ಕ್ಲೀನಿಂಗ್ ಆದ ಮೇಲೆ ಅಯೋಡಿನ್ ಹಾಕಿದರೆ, ಒರೆಸಿದ ಕಡೆ ಅದು ಕಂದಾಗಿಯೇ ಇರುತ್ತದೆ. ಗಂಜಿ ಉಳಿದ ಕಡೆ ನೀಲಿಗಪ್ಪು ಆಗುತ್ತದೆ. ಅಷ್ಟೇ ಪರೀಕ್ಷೆ.

ಬೆಳಿಗ್ಗೆ ಮೇಜು ಕಂದು, ನಲ್ಲಿ ಕಂದು, ಬಾಗಿಲ ಹಿಡಿಯೂ ಕಂದು. ನಮ್ಮ ವಾರ್ಡು ಅಂದರೆ ಸುಮ್ಮನೆಯಾ ಅಂತ ನಾನು ಒಳಗೊಳಗೇ ಬೀಗುತ್ತಿದ್ದೆ. ಆಮೇಲೆ ಅಕ್ಕನ ತಲೆಗಂಬಿ. ಕಪ್ಪು.

ಪಕ್ಕದ ಮಂಚ, ಕಪ್ಪು. ಅದರಾಚೆಯದೂ ಕಪ್ಪು. ವಾರ್ಡಿನಲ್ಲಿದ್ದ ಒಂದೊಂದು ಮಂಚದ ತಲೆಗಂಬಿಯೂ, ಅದೇ ಜಾಗದಲ್ಲಿ, ಅಂಗೈಯಗಲ ಕಪ್ಪು...

"ಮುನಿಯಮ್ಮ, ಇಲ್ಲಿ ಒರೆಸ್ಲಿಲ್ವಾ?" ಅಂತ ಕೇಳಿದೆ.

"ಅಲ್ಲಿ ಕುಂಕುಮ ಐತಲ್ಲವ್ವಾ. ಬಾಣಂತಿ ಮಂಚದ ಕುಂಕುಮ ಯಾರಾನ ಒರೆಸ್ತಾರಾ? ಸುತ್ತ ಬಟ್ಟೆ ಆಡಿಸ್ತೀನಿ" ಅಂದಳು.

ನಿಜ. ಆಯುಧಪೂಜೆಯ ದಿನ ಆಸ್ಪತ್ರೆಯವರೇ ಪ್ರತಿ ಮಂಚಕ್ಕೂ ಎಣ್ಣೆ ಸವರಿ ಕುಂಕುಮ ಇಟ್ಟಿದ್ದರು. ಆಮೇಲೆ ಬಂದ ಪ್ರತಿ ಮನೆಯವರೂ ಅದರ ಮೇಲೆ ತಮ್ಮದೊಂದು ಬೊಟ್ಟು. ಪದರದ ಮೇಲೆ ಪದರ, ಮುಟ್ಟಿದರೆ ಜಿಡ್ಡು.

ಬಾಣಂತಿಯರು ಎದ್ದು ಕೂರಲು ಹಿಡಿಯುತ್ತಿದ್ದುದೂ ಅದೇ ಜಾಗವನ್ನು. ಕೀವಾಗಿ ದೊಡ್ಡಾಸ್ಪತ್ರೆಗೆ ಹೋದಾಕೆಯೂ ಅಲ್ಲೇ ಕೈಯೂರಿ ಎದ್ದಿದ್ದಳು. ಅದರ ಮೇಲೆ ಬೆರಳಿಟ್ಟು ಬೊಟ್ಟಿಟ್ಟ ನಮ್ಮಮ್ಮ, ಅದೇ ಬೆರಳಿನಿಂದ ಅಕ್ಕನ ಹೊಟ್ಟೆ ಸವರಿ ದೃಷ್ಟಿ ತೆಗೆದಿದ್ದಳು.

ಈ ಮಂಚ ಹೀಗಿದ್ದರೆ ಆಪರೇಷನ್ ಆದವರನ್ನು ಇಲ್ಲಿ ಮಲಗಿಸುವುದಿಲ್ಲ ಅಂದುಬಿಟ್ಟರು ಡಾಕ್ಟರು. ಸರಿ, ಒರೆಸುವವರು ಯಾರು?

ಮುನಿಯಮ್ಮ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಡಾಕ್ಟರೇ ಬಟ್ಟೆ ತೆಗೆದುಕೊಂಡರೆ ನಮ್ಮಮ್ಮ ಅಡ್ಡ ನಿಂತಳು. "ನೀವೂ ಮುತ್ತೈದೆ ಕಣಮ್ಮ, ಬೇಡ. ನನ್ನ ಮಗಳ ಮಂಚ ಅದು." ನಾನು ಕೈ ಚಾಚಿದೆ. ಮಣಿಕಟ್ಟು ಹಿಡಿದೆಳೆದಳು. "ನಿಂಗಿನ್ನೂ ಮದುವೆ ಆಗ್ಬೇಕು ಕಣೇ."

ಅಕ್ಕ ಮಲಗಿದ್ದಲ್ಲೇ ಬೆವರುತ್ತಿದ್ದಳು. ಹೊತ್ತು ಹೋಗುತ್ತಿತ್ತು.

ಆಗ ಬಾಗಿಲ ಆಚೆಯಿಂದ ಒಂದು ದನಿ ಬಂತು. "ನಂಗೆ ಕೊಡಿ. ನಂದು ಒರೆಸಿ ಆಗಿದೆ."

ನಮ್ಮ ಸೋದರತ್ತೆ ಅದು, ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ವಿಜಯನಗರದ ನಮ್ಮ ಮನೆಯಲ್ಲೇ ಇದ್ದರು. ನಮ್ಮಿಬ್ಬರನ್ನೂ ಎತ್ತಿ ಆಡಿಸಿ ಬೆಳೆಸಿದವರೇ ಅವರು. ಆಪರೇಷನ್‌ಗೆ ಹೋಗುವವಳ ಎದುರಿಗೆ ಬರಬಾರದು ಅಂತ ಅಮ್ಮ ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದಳು.

ಅತ್ತೆ ಒಳಗೆ ಬಂದರು. ಅಕ್ಕನ ಕಡೆ ನೋಡದೆ, ಮುಖ ಆಚೆ ತಿರುಗಿಸಿಕೊಂಡೇ ಬಂದರು.

ಬಿಸಿನೀರು, ಸೋಪು, ತೆಂಗಿನ ನಾರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೊಂದು ಮಂಚವನ್ನೂ ಗಸಗಸ ಉಜ್ಜಿದರು. ಬಕೆಟ್ಟಿನ ನೀರು ಕೆಂಪಾಯಿತು. ಡಾಕ್ಟರು ಮತ್ತೆ ಅಯೋಡಿನ್ ಹಾಕಿದರು. ಎಲ್ಲ ಕಡೆ ಕಂದು.

ಅತ್ತೆ ಕೈ ತೊಳೆದುಕೊಂಡರು. ತೊಳೆದು, ತಾವಾಗಿಯೇ ಹೋಗಿ ಅದೇ ಬೆಂಚಿನ ಮೇಲೆ ಕೂತರು.

ಹೋಗಿ ಅಂತ ಯಾರೂ ಹೇಳಲಿಲ್ಲ. ಇರಿ ಅಂತಲೂ ಹೇಳಲಿಲ್ಲ. ಕಂಬಿಯ ಕಪ್ಪಿಗಿಂತ ದೊಡ್ಡ ಶಾಕ್ ಅದು ನನಗೆ...

ಅಕ್ಕನ ಟ್ರಾಲಿ ಹೊರಟಿತು. ಬೆಂಚು ಹತ್ತಿರ ಬರುತ್ತಲೇ ಅತ್ತೆ ಎದ್ದು ಗೋಡೆಯ ಕಡೆ ತಿರುಗಿ ನಿಂತರು.

"ನಿಲ್ಸಿ" ಅಂದಳು ಅಕ್ಕ. "ಅತ್ತೆ, ಈ ಕಡೆ ತಿರುಗಿ. ನಿಮ್ಮ ಮುಖ ನೋಡ್ಕೊಂಡೇ ಒಳಗೆ ಹೋಗ್ತೀನಿ."

ಅಮ್ಮ ಪಕ್ಕಕ್ಕೆ ಸರಿದಳು. ಅತ್ತೆ ತಿರುಗಿದರು.

ಹೆಣ್ಣು ಮಗು ಆಯಿತು. ಅಕ್ಕನ ಹೊಲಿಗೆ ಕೀವಾಗದೆ ಒಣಗಿತು. ಒರೆಸಿದ್ದಕ್ಕೇ ಹಾಗಾಯಿತು ಅಂತ ಡಾಕ್ಟರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಗಂಜಿ ಪರೀಕ್ಷೆ ನಿಲ್ಲಲಿಲ್ಲ, ಕುಂಕುಮ ಬಾಗಿಲ ಚೌಕಟ್ಟಿಗೆ ಹೋಯಿತು.

ಈಗಲೂ ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋದರೆ ನನ್ನ ಕೈ ತಾನಾಗಿಯೇ ಮಂಚದ ಕಂಬಿ ಸವರುತ್ತದೆ, ಕಣ್ಣು ಹೊರಗಿನ ಬೆಂಚು ಹುಡುಕುತ್ತದೆ.

ನಿಮ್ಮ ಮನೆಯಲ್ಲಿ ಆ ಬೆಂಚಿನ ಮೇಲೆ ಯಾರು ಕೂತಿದ್ದರು?