ಮಂಜಿ ಖಾಲಿ ಬಿಟ್ಟ ನಾಲ್ಕು ದಿನ

ಗಂಡ ದಾಸನ ಹೆಣಕ್ಕಾಗಿ ಮಂಜಿ ನಾಲ್ಕು ದಿನ ಅಘನಾಶಿನಿಯ ಅಳಿವೆಯಲ್ಲಿ ಕಾದು ನಿಂತಿದ್ದಳು. ಆಫೀಸಿನವರು ನಾಲ್ಕೂ ದಿನಕ್ಕೆ ಗೈರುಹಾಜರಿ ಹಾಕಿ, ಕೆಲಸದಿಂದ ತೆಗೆಯುವ ನೋಟಿಸು ಕೊಟ್ಟರು.

ಈಗ ಬೆಳಗಿನ ಐದೂವರೆ. ಕಾಗಾಲದ ಮೇಲಿನ ಕಲ್ಲುಗುಡ್ಡದಲ್ಲಿ, ತಗಡು ಹೊದೆಸಿದ ಕೋಣೆಯೊಳಗೆ ಮಂಜಿ ಬ್ಯಾಟರಿ ಹಿಡಿದು ಗಾಜಿನ ಕೊಳವೆಯ ಪಾದರಸಕ್ಕೆ ಕಣ್ಣು ಮಟ್ಟ ಮಾಡುತ್ತಾಳೆ. ಉಸಿರು ಬಿಗಿಹಿಡಿದು ಗಾಳಿಯ ಭಾರ ಓದುತ್ತಾಳೆ, ಬರೆದ ಮೇಲೆಯೇ ಉಸಿರು ಬಿಡುತ್ತಾಳೆ. ದಿನಕ್ಕೆ ಮೂರು ಸಲ, ಎಂಟು ವರ್ಷದಿಂದ.

ಪಕ್ಕದ ಕೋಣೆಯ ಯಂತ್ರ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳನ್ನು ಎಣಿಸುತ್ತದೆ. ಸೂರ್ಯ ಕೆರಳಿ ಕಾಂತದ ಬಿರುಗಾಳಿ ಎಬ್ಬಿಸಿದರೆ ಆ ಕಿರಣಗಳು ದಾರಿ ತಪ್ಪುತ್ತವೆ, ಎಣಿಕೆ ಇಳಿಯುತ್ತದೆ. ಆದರೆ ನಮ್ಮ ತಲೆ ಮೇಲಿನ ಗಾಳಿ ಭಾರವಾದರೂ ಎಣಿಕೆ ಇಳಿಯುತ್ತದೆ. ಯಾವುದು ಸೂರ್ಯನ ಕೆಲಸ, ಯಾವುದು ಗಾಳಿಯದು ಎಂದು ಬೇರ್ಪಡಿಸಲು ಮಂಜಿಯ ಅಂಕಿಯೇ ಬೇಕು. ಗಾಳಿಯ ಭಾರವನ್ನು ತಾನೇ ದಾಖಲಿಸುತ್ತಿದ್ದ ಉಪಕರಣ ಉಪ್ಪುಗಾಳಿಗೆ ತುಕ್ಕು ಹಿಡಿದು ಸತ್ತೇ ಎಂಟು ವರ್ಷ. ಹೊಸದು ಯಾಕೆ? ಮಂಜಿ ಇದ್ದಾಳಲ್ಲ!

"ಎಂತ ಮಂಜಕ್ಕ, ಸೂರ್ಯಂಗೆ ಇವತ್ತೂ ಸಿಟ್ಟೋ?" ಬಾಗಿಲಲ್ಲಿ ಕಾವಲುಗಾರ ಲಿಂಗಪ್ಪ ಕೆಣಕುತ್ತಾನೆ.

"ಅವ್ನ ಸಿಟ್ಟು ನಾಲ್ಕು ದಿನಕ್ಕೆ ಇಳೀತದೆ ಮಾರಾಯ. ಆಫೀಸಿನವ್ರದ್ದು ಹೇಳು."

ಹತ್ತನೇ ತರಗತಿ ಓದಿ ಕುಮಟೆಯ ಪೇಟೆಯಲ್ಲಿ ಮೀನು ಮಾರುತ್ತಿದ್ದ ಮಂಜಿ ಎಂಟು ವರ್ಷದ ಹಿಂದೆ ಈ ಕೆಲಸಕ್ಕೆ ಸೇರಿದಳು. ದಾಸನ ದೋಣಿ ಮಗುಚಿದ ನಾಲ್ಕನೇ ಸಂಜೆ ಹೆಣ ಸಿಕ್ಕಿತು. ಐದನೇ ಬೆಳಿಗ್ಗೆ ಸೂತಕದ ಮನೆಯಿಂದಲೇ ಗುಡ್ಡ ಹತ್ತಿದಳು. "ಮನೇಲಿ ಕೂತ್ರೆ ಸಮುದ್ರದ ಸದ್ದೇ ಕೇಳೂದು. ಇಲ್ಲಿ ಯಂತ್ರದ ಸದ್ದಾದ್ರೂ ಅದೆ," ಎನ್ನುತ್ತಾಳೆ.

ಸೂರ್ಯ ಕೆರಳಿದ್ದೂ ಅದೇ ನಾಲ್ಕು ದಿನ! ಎಣಿಕೆ ನೂರಕ್ಕೆ ಎರಡರಷ್ಟು ಇಳಿದಿದೆ. ಗಾಳಿಯ ಅಂಕಿಯಿಲ್ಲದೆ ಅದರಲ್ಲಿ ಸೂರ್ಯನ ಪಾಲೆಷ್ಟೆಂದು ತಿಳಿಯದು, ಆ ಇಳಿತ ಯಾವ ಸಂಶೋಧನಾ ಪ್ರಬಂಧಕ್ಕೂ ಬಾರದು. ಗೈರು ಹಾಕಿದ ಅಧಿಕಾರಿ ಗುರುದತ್ತನಿಗೆ ಈಗ ಮಂಜಿ ಆ ದಿನಗಳಲ್ಲಿ ಹಾಜರಿದ್ದಳೆಂದೇ ಆಗಬೇಕಾಗಿದೆ.

ಹತ್ತು ಗಂಟೆಗೆ ಅವನು ದಾಖಲೆ ಪುಸ್ತಕದಲ್ಲಿ ಆ ನಾಲ್ಕು ದಿನದ ಖಾಲಿ ಪುಟ ತೆರೆದು ಮೇಜಿನ ಮೇಲೆ ತಳ್ಳುತ್ತಾನೆ. "ಹಿಂದುಮುಂದಿನ ದಿನ ನೋಡಿ ಅಂದಾಜಿಗೆ ತುಂಬು. ಗೈರು ಹೊಡೆದು ಹಾಕ್ತೇನೆ. ನೋಟಿಸೂ ಇಲ್ಲ, ಕೆಲಸಾನೂ ಉಳೀತದೆ."

"ಹಿಡಿಯದ ಮೀನಿಗೆ ತೂಕ ಹೇಳೂಕಾತದಾ ಸರ್?"

"ನಾಲ್ಕು ಅಂಕಿ ಮಂಜಿ! ಯಾರಿಗೆ ಗೊತ್ತಾಗ್ತದೆ?"

"ನಾಲ್ಕಲ್ಲ, ಹನ್ನೆರಡು." ಮಂಜಿ ಪೆನ್ನಿಗೆ ಮುಚ್ಚಳ ಹಾಕುತ್ತಾಳೆ. "ಆ ದಿನ ನಾ ಗಾಳಿ ನೋಡ್ಲಿಲ್ಲ. ನಮ್ಮನೆಯವ್ರು ಬರೂದು ನೋಡ್ತಿದ್ದೆ. ಖಾಲಿ ಅದೆ, ಖಾಲಿನೇ ಇರ್ಲಿ. ನಾ ಬರೆಯೂದಿಲ್ಲ."